ಒಗ್ಗಿತು ಎಂದವಳು ನಾನೇ

ಹಾವನ್ನು ಎತ್ತುವಾಗ ಮೇಲಿನಿಂದ ಕೈ ಹಾಕಬಾರದು. ಮೇಲಿನಿಂದ ಬರುವುದೆಲ್ಲ ಅದಕ್ಕೆ ಹದ್ದೇ. ಪಕ್ಕದಿಂದ, ನೆಲದ ಮಟ್ಟದಲ್ಲಿ ನಿಧಾನವಾಗಿ ಕೈ ತಂದು, ಸ್ವಲ್ಪ ಹೊತ್ತು ಅಲ್ಲೇ ಇಡಬೇಕು. ಅದು ನಾಲಗೆ ಚಾಚಿ ನಿಮ್ಮನ್ನು ವಿಚಾರಿಸಿಕೊಳ್ಳಲಿ. ಆಮೇಲೆ ಹೊಟ್ಟೆಯ ಕೆಳಗೊಂದು ಕೈ, ಬಾಲದ ಕಡೆಗೊಂದು ಕೈ. ತಲೆಯನ್ನು ಅದರ ಪಾಡಿಗೆ ಬಿಟ್ಟುಬಿಡಬೇಕು. ಇದನ್ನೆಲ್ಲ ನನಗೆ ಕಲಿಸಿದ್ದು ನನ್ನ ಎಡಗೈ ಮೇಲಿರುವ ಹಲ್ಲಿನ ಗುರುತುಗಳು. ನಮ್ಮೂರ ಹಾವಿಗೆ ವಿಷವಿಲ್ಲ. ಕಚ್ಚಿದರೆ ಸಾಸಿವೆಯಷ್ಟು ಸಣ್ಣ ಚುಕ್ಕೆಗಳ ಸಾಲು ಮೂಡುತ್ತದೆ, ನಾಲ್ಕು ದಿನ ಉರಿಯುತ್ತದೆ, ಅಷ್ಟೇ.

ನಲವತ್ತು ವರ್ಷದಿಂದ ಬೀದಿಬೀದಿ ತಿರುಗಿ ಬುಟ್ಟಿ ನೋಡುವುದೇ ನನ್ನ ಕೆಲಸ. ಕಣ್ಣಿನ ಮೇಲೆ ಪೊರೆ ಅಂಟಿಕೊಂಡರೆ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಬಿಡಿಸುತ್ತೇನೆ. ತಿನ್ನುವುದನ್ನು ಬಿಟ್ಟ ಹಾವಿಗೆ ತಿನ್ನಿಸುತ್ತೇನೆ. ಮದುವೆಯಾಗಿ ಬಂದ ಹುಡುಗಿಯ ಹಾವು ಆ ಮನೆಗೆ ಒಗ್ಗಿತೋ ಇಲ್ಲವೋ ಎಂದು ಹೇಳುವವಳೂ ನಾನೇ. ಜನ ನನ್ನನ್ನು ಬುಟ್ಟಿ ದ್ಯಾವಕ್ಕ ಎನ್ನುತ್ತಾರೆ.

ನಮ್ಮಲ್ಲಿ ಮಗು ಹುಟ್ಟಿದ ಮನೆಯಲ್ಲಿ ತೊಟ್ಟಿಲ ಕೆಳಗೆ ಬೂದಿಯೊಳಗೆ ಒಂದು ಮೊಟ್ಟೆ ಹುಗಿದಿಡುತ್ತಾರೆ. ಹೊಕ್ಕುಳು ಬೀಳುವ ದಿನ ಮರಿ ಹೊರಬರುತ್ತದೆ. ಮಗುವಿನ ಜೊತೆ ಬೆಳೆಯುತ್ತದೆ, ಮಗುವಿನ ಜೊತೆ ಮುನಿಯುತ್ತದೆ. ಹುಡುಗಿ ಬೇರೆ, ಹಾವು ಬೇರೆ ಎಂದು ಯಾರೂ ಯೋಚಿಸುವುದಿಲ್ಲ. ಗಂಡುಮಕ್ಕಳ ಹಾವು ಹುಟ್ಟಿದ ಮನೆಯಲ್ಲೇ ಇರುತ್ತದೆ, ಅದು ಬುಸುಗುಟ್ಟಿದರೆ ಮನೆಯವರು ಪಕ್ಕಕ್ಕೆ ಸರಿದು ಹೋಗುತ್ತಾರೆ. ಹೆಣ್ಣುಮಕ್ಕಳ ಹಾವು ಮದುವೆಯ ದಿನ ಬುಟ್ಟಿಯಲ್ಲಿ ಅತ್ತೆಮನೆಗೆ ಹೋಗುತ್ತದೆ. ಅದು ಒಗ್ಗುವವರೆಗೆ ಹುಡುಗಿ ಅಮಾವಾಸ್ಯೆಗೊಮ್ಮೆ ತವರಿಗೆ ಬಂದು ಮಲಗಬಹುದು. ಅವಳ ಚಾಪೆ ತವರಿನ ಗೋಡೆಗೆ ಒರಗಿಕೊಂಡೇ ಇರುತ್ತದೆ. ತೀರ ಆಗಲಿಲ್ಲವೆಂದರೆ ಬುಟ್ಟಿ ಎತ್ತಿಕೊಂಡು ಬಂದುಬಿಡಬಹುದು. ಹಾವು ಒಗ್ಗಲಿಲ್ಲ ಎಂದರೆ ಸಾಕು, ಯಾರೂ ಏನೂ ಕೇಳುವುದಿಲ್ಲ.

ನಾನು ಹೋಗಿ, ಆ ಬೀದಿಯ ಮೂವರು ಹಿರಿಯರ ಮುಂದೆ ಹಾವನ್ನು ಎತ್ತಿ ನೋಡಿ, ಒಗ್ಗಿತು ಎಂದು ಹೇಳಿ ಬುಟ್ಟಿಗೆ ಹಳದಿ ದಾರ ಕಟ್ಟಿದೆನೆಂದರೆ ಮುಗಿಯಿತು. ತವರಿನವರು ಚಾಪೆಯನ್ನು ಬೇರೆಯವರಿಗೆ ಕೊಟ್ಟುಬಿಡುತ್ತಾರೆ. ಆಮೇಲೆ ಅವಳು ಆ ಸೂರಿನ ಕೆಳಗೆ ಒಂದು ರಾತ್ರಿಯನ್ನೂ ಕಳೆಯುವಂತಿಲ್ಲ. ದಾರ ಬಿಚ್ಚಲು ದಾರಿ ಒಂದೇ: ಕಟ್ಟಿದ ವರ್ಷದೊಳಗೆ ಅದೇ ಮೂವರ ಮುಂದೆ ಹಾವು ನನ್ನ ಕೈಯನ್ನು ರಕ್ತ ಬರುವಂತೆ ಕಚ್ಚಬೇಕು. ನಲವತ್ತು ವರ್ಷದಲ್ಲಿ ಎರಡೇ ಸಲ ಹಾಗಾಗಿದೆ.

ಹಾವಿನ ಸಿಟ್ಟು ಓದುವುದು ಕಷ್ಟವಲ್ಲ. ಬಾಲವನ್ನು ಹುಲ್ಲಿನ ಮೇಲೆ ಪಟಪಟ ಬಡಿದರೆ, ದೂರ ಇರು ಎಂದು. ಕುತ್ತಿಗೆ ಚಪ್ಪಟೆ ಮಾಡಿ, ಮೈಯನ್ನು ಸೊಟ್ಟಗೆ ಹಿಂದಕ್ಕೆ ಎಳೆದುಕೊಂಡರೆ, ಇನ್ನೊಂದು ಗೇಣು ಬಂದರೆ ಕಚ್ಚುತ್ತೇನೆ ಎಂದು. ಮೂಗು ಮುಚ್ಚಿಕೊಳ್ಳುವಂಥ ನಾತ ಬಿಟ್ಟರೆ ಅದಕ್ಕೆ ಪ್ರಾಣಭಯ. ಉಂಡೆಯಾಗಿ ಸುತ್ತಿಕೊಂಡು ತಲೆಯನ್ನು ನಡುವೆ ಹುದುಗಿಸಿದರೆ, ನನ್ನನ್ನು ನೋಡಬೇಡ ಎಂದು. ಪೊರೆ ಬಿಡುವ ಮೊದಲು ಕಣ್ಣು ಹಾಲುಗಟ್ಟಿದಾಗ ಎಂಥ ಸಾಧು ಹಾವೂ ಸಿಡುಕುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಇವೆಲ್ಲ ನಿಂತ ಮೇಲೆ ಕೊನೆಗೆ ನೋಡಬೇಕಾದದ್ದು ನಾಲಗೆ. ಒಗ್ಗಿದ ಹಾವು ಕೈಗೆ ಸುತ್ತಿ ಹಿಡಿತ ಹುಡುಕುತ್ತದೆ, ನಾಲಗೆ ಚಾಚಿ ಚಾಚಿ ಎಲ್ಲಿದ್ದೇನೆ ಎಂದು ನೋಡಿಕೊಳ್ಳುತ್ತದೆ. ಸುಮ್ಮನಿದ್ದು ನಾಲಗೆಯನ್ನೂ ಚಾಚದ ಹಾವು ಒಗ್ಗಿದ ಹಾವಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಲಾರೆ.

ನನ್ನ ಹಾವಿನ ಹೆಸರು ಬೂದಿ. ಅದನ್ನು ಕಂಡರೆ ಊರಿಗೇ ಮೆಚ್ಚು. ಕೊರಳಿಗೆ ಹಾಕಿಕೊಂಡರೆ ಟವೆಲ್ಲಿನ ಹಾಗೆ ಇರುತ್ತದೆ. ಮಕ್ಕಳು ಬಂದು ಮುಟ್ಟುತ್ತವೆ. ಹೊಸ ಸೊಸೆಯರಿಗೆ ತೋರಿಸಲೆಂದೇ ಕೆಲವು ಮನೆಯವರು ಅದನ್ನು ತರಿಸಿಕೊಳ್ಳುತ್ತಾರೆ. ನನಗೆ ಅದರಲ್ಲಿ ಹೆಮ್ಮೆಯೂ ಇತ್ತು.

ನನಗೆ ಒಬ್ಬಳೇ ಮಗಳು, ಹೊನ್ನಾಜಿ. ಅವಳ ಹಾವಿಗೆ ಗೆಜ್ಜೆ ಎಂದು ಅವಳೇ ಹೆಸರಿಟ್ಟದ್ದು, ಮಾತು ಬಂದ ಹೊಸದರಲ್ಲಿ. ಬಾಲ ಬಡಿದರೆ ಮನೆಯ ಆ ಮೂಲೆಗೂ ಕೇಳುತ್ತಿತ್ತು. ಹೊನ್ನಿಯೂ ಹಾಗೇ. ಬೆನ್ನ ಹಿಂದಿನಿಂದ ಯಾರಾದರೂ ಮುಟ್ಟಿದರೆ ಕೂಗಿಕೊಳ್ಳುವಳು, ತಟ್ಟೆಗೆ ಬೇಡವಾದದ್ದು ಬಿದ್ದರೆ ಎತ್ತಿ ವಾಪಸ್ಸು ಹಾಕುವಳು. ಅವರಪ್ಪ ತೀರಿಕೊಂಡ ದಿನ, ಹೆಣ ಎತ್ತಲು ಬಂದವರಿಗೆ ಗೆಜ್ಜೆ ಕಚ್ಚಿತ್ತು.

ಅವಳನ್ನು ಸುಣ್ಣದ ಬೀದಿಗೆ ಕೊಟ್ಟೆ. ಅಲ್ಲಿಯವರು ಗೂಡಿನಲ್ಲಿ ಸುಣ್ಣ ಸುಡುವವರು. ಆ ಬೀದಿಯಲ್ಲಿ ಕಾಗೆಯ ಬೆನ್ನೂ ಬಿಳಿ. ಅಳಿಯ ದೊಡ್ಡಸ್ವಾಮಿ ಕೆಟ್ಟವನಲ್ಲ, ತಾಯಿಗೆ ಎದುರಾಡದವನು. ತಾಯಿ ಬಸಮ್ಮಣ್ಣಿಯೂ ಕೈ ಎತ್ತುವವಳಲ್ಲ, ಬಯ್ಯುವವಳೂ ಅಲ್ಲ. ಮೊದಲ ಅಮಾವಾಸ್ಯೆಗೆ ಬಂದ ಹೊನ್ನಿ, ಅತ್ತೆಯ ಸೆರಗಿನ ತುದಿಯನ್ನು ಗೆಜ್ಜೆ ಹೇಗೆ ಕಚ್ಚಿ ಹಿಡಿದು ಬಿಡಲೇ ಇಲ್ಲ ಎಂದು ನಕ್ಕು ನಕ್ಕು ಹೇಳಿದಳು. ಎರಡನೆಯ ಸಲ ನಗು ಕಡಿಮೆಯಿತ್ತು. ಅತ್ತೆ ಬುಟ್ಟಿಯೊಳಗಿನ ಮಡಕೆ ತೆಗೆದುಬಿಟ್ಟಿದ್ದಾರೆ ಎಂದಳು. ಬುಟ್ಟಿಯಲ್ಲಿ ಹಾವು ಅಡಗಿಕೊಳ್ಳಲೆಂದು ಬಾಯಿ ಒಡೆದ ಸಣ್ಣ ಮಡಕೆ ಬೋರಲು ಹಾಕಿರುತ್ತೇವೆ. ಅದನ್ನು ತೆಗೆದು, ದಿನಕ್ಕೆ ಐವತ್ತು ಸಲ ಮೇಲಿನಿಂದ ಕೈ ಹಾಕಿ ಎತ್ತಿ ಇಳಿಸಿದರೆ ಹಾವು ಬೇಗ ದಣಿಯುತ್ತದೆ. ಅವಸರವಿರುವ ಮನೆಯವರು ಹಾಗೆ ಮಾಡುವುದುಂಟು. ನಾನೇ ಎಷ್ಟೋ ಮನೆಯಲ್ಲಿ ನೋಡಿಯೂ ಸುಮ್ಮನಿದ್ದೇನೆ.

ಐದನೆಯ ತಿಂಗಳು ಬಂದಾಗ ಅವಳು ಚಾಪೆ ಬಿಡಿಸಿ ಗೋಡೆಗೆ ಬೆನ್ನು ಅಂಟಿಸಿ ಕೂತಳು. ಅತ್ತೆಮನೆಯಲ್ಲಿ ತನಗೆ ಮಲಗಲು ನಡುಮನೆಯ ನಟ್ಟನಡುವೆ ಜಾಗ ಕೊಟ್ಟಿದ್ದಾರೆ, ಸುತ್ತ ಎಲ್ಲರೂ ಓಡಾಡುತ್ತಾರೆ, ಸ್ನಾನಕ್ಕೆ ಹೋದರೂ ಅತ್ತೆ ಬಾಗಿಲಾಚೆ ನಿಂತು ಒಂದೊಂದು ಮಾತು ಕೇಳುತ್ತಲೇ ಇರುತ್ತಾರೆ, ಸಿಟ್ಟು ಮಾಡಿದರೆ ಯಾರೂ ಮಾತಾಡುವುದಿಲ್ಲ, ತಾನು ಮತ್ತೆ ನಕ್ಕು ಮಾತಾಡಿಸುವವರೆಗೆ ಇಡೀ ಮನೆ ಮೂಕವಾಗಿರುತ್ತದೆ ಎಂದಳು. "ಅವ್ವಾ, ಆ ಮನೇಲಿ ನಂಗೆ ಬೆನ್ನು ಕೊಡಾಕೆ ಒಂದು ಗೋಡೆ ಇಲ್ಲ ಕಣವ್ವ," ಎಂದಳು.

ನಾನು ಅವಳ ತಲೆಗೆ ಎಣ್ಣೆ ಹಚ್ಚುತ್ತಿದ್ದೆ. "ಒಗ್ಗುತ್ತೆ ಬಿಡು. ಎಲ್ಲಾರ್ದೂ ಒಗ್ಗುತ್ತೆ," ಎಂದೆ.

ಎಂಟು ತಿಂಗಳಾಯಿತು, ಒಂಬತ್ತಾಯಿತು. ಗೆಜ್ಜೆ ಇನ್ನೂ ಬಾಲ ಬಡಿಯುತ್ತಿದೆ ಎಂಬ ಸುದ್ದಿ ಊರೆಲ್ಲ ಆಯಿತು. ಹಿಟ್ಟಿನ ಮಿಲ್ಲಿನ ಮುಂದೆ ಸರದಿಯಲ್ಲಿ ನಿಂತಿದ್ದಾಗ ಒಬ್ಬಳು ನನಗೆ ಕೇಳಲೆಂದೇ, ಊರೋರ ಹಾವೆಲ್ಲ ನೋಡೋಳಿಗೆ ತನ್ನ ಮಗಳ ಹಾವು ನೋಡ್ಕೊಳಾಕೆ ಬರಾಕಿಲ್ವಂತೆ ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಹಿಟ್ಟಿನ ಡಬ್ಬವನ್ನು ಜೋರಾಗಿ ಕುಕ್ಕಿದೆ. ಅಂದಿನಿಂದ ಗೆಜ್ಜೆ ಬೇಗ ಒಗ್ಗಲಿ ಎಂದು ಬಸಮ್ಮಣ್ಣಿಗಿಂತ ಹೆಚ್ಚಾಗಿ ನಾನೇ ಬಯಸಿದೆ.

ಹನ್ನೊಂದನೆಯ ತಿಂಗಳಲ್ಲಿ ಕರೆ ಬಂತು. ಹೋದೆ. ಬಸಮ್ಮಣ್ಣಿ ಗಸಗಸೆ ಪಾಯಸ ಮಾಡಿಸಿದ್ದಳು. ಬೀದಿಯ ಹಿರಿಯ ಮುದ್ದಪ್ಪಜ್ಜ ಮತ್ತಿಬ್ಬರು ಜಗಲಿಯ ಮೇಲೆ ಕೂತಿದ್ದರು. ಬುಟ್ಟಿಯ ಮುಚ್ಚಳ ತೆಗೆದೆ. ಹುಲ್ಲಿನಲ್ಲಿ ಸದ್ದಿರಲಿಲ್ಲ. ಮಡಕೆ ಇರಲಿಲ್ಲ, ಅದೂ ಕಣ್ಣಿಗೆ ಬಿತ್ತು. ಮೇಲಿನಿಂದ ಕೈ ಆಡಿಸಿದೆ, ಅಲುಗಲಿಲ್ಲ. ಮುಖಕ್ಕೆ ಊದಿದೆ, ಕುತ್ತಿಗೆ ಚಪ್ಪಟೆಯಾಗಲಿಲ್ಲ. ಎತ್ತಿದೆ. ಕೈಯ ಎರಡೂ ಕಡೆ ಜೋತುಬಿತ್ತು. ನನಗೆ ಎದೆಯೊಳಗೆ ತಂಪಾಯಿತು. ಹೊನ್ನಿ ಬಾಗಿಲ ದಾರಂದಕ್ಕೆ ಒರಗದೆ ನಿಂತಿದ್ದಳು. ಅವಳ ಕಡೆ ನೋಡಿದೆ. ಅವಳು ಪಾಯಸದ ಪಾತ್ರೆಯನ್ನು ನೋಡುತ್ತಿದ್ದಳು. ಮುದ್ದಪ್ಪಜ್ಜ, ಏನಮ್ಮ ಬುಟ್ಟಿಯಮ್ಮ, ನಿನ್ನ ಮಗಳು ಅಂತ ಮುಚ್ಚುಮರೆ ಮಾಡಬೇಡ, ಇದ್ದದ್ದು ಇದ್ದಂಗೆ ಹೇಳು ಎಂದು ತಮಾಷೆ ಮಾಡಿದ. ನಾನು ನಾಲಗೆ ನೋಡಲಿಲ್ಲ.

"ಒಗ್ಗಿತು," ಎಂದೆ.

ದಾರ ಕಟ್ಟಿದೆ. ಎರಡು ಲೋಟ ಪಾಯಸ ಕುಡಿದೆ. ಮನೆಗೆ ಬಂದು ಹೊನ್ನಿಯ ಚಾಪೆಯನ್ನು, ಬಾಣಂತಿಯನ್ನು ಮನೆಯಲ್ಲಿಟ್ಟುಕೊಂಡಿದ್ದ ಪಕ್ಕದ ರಾಚವ್ವನಿಗೆ ಕೊಟ್ಟೆ.

ನಾಲ್ಕು ತಿಂಗಳಾದ ಮೇಲೆ ಗೆಜ್ಜೆಯ ಕಣ್ಣಿಗೆ ಪೊರೆ ಅಂಟಿದೆ, ಬಂದು ಬಿಡಿಸು ಎಂದು ಹೇಳಿಕಳಿಸಿದರು. ನಾನು ಹೋದಾಗ ಹೊನ್ನಿ ಅನ್ನ ಬಸಿಯುತ್ತಿದ್ದಳು. ಯಾರೋ ಆಚೆಯಿಂದ ಬಾಗಿಲು ತಳ್ಳಿದರು, ತಪ್ಪಲೆ ಅಲುಗಿತು, ಕುದಿಯುವ ಗಂಜಿ ಅವಳ ಪಾದದ ಮೇಲೆ ಬಿತ್ತು. ನಾನು ಕೂಗಿಕೊಂಡೆ. ಅವಳು ಕೂಗಲಿಲ್ಲ. ಕಾಲು ಹಿಂದಕ್ಕೆ ಎಳೆದುಕೊಳ್ಳಲೂ ಇಲ್ಲ. ತನ್ನ ಪಾದವನ್ನು ಒಮ್ಮೆ ನೋಡಿದಳು, ತಪ್ಪಲೆಯನ್ನು ಸರಿಯಾಗಿ ಇಟ್ಟಳು, ಆಮೇಲೆ ಬಟ್ಟೆಯಿಂದ ನೆಲ ಒರೆಸಿದಳು. ನೆಲ ಒರೆಸಿದ ಮೇಲೆ ಕಾಲು ಒರೆಸಿಕೊಂಡಳು.

ನಾನು ಬುಟ್ಟಿಯ ಹತ್ತಿರ ಹೋಗಿ ಕೂತೆ. ಗೆಜ್ಜೆಯನ್ನು ಪಕ್ಕದಿಂದ, ಹೊಟ್ಟೆಗೆ ಆಸರೆ ಕೊಟ್ಟು ಎತ್ತಿದೆ. ಬಾವಿಯಿಂದ ಎಳೆದ ಒದ್ದೆ ಹಗ್ಗದ ಹಾಗಿತ್ತು. ಕೈಗೆ ಸುತ್ತಲಿಲ್ಲ. ಎರಡೂ ಕಣ್ಣಿನ ಮೇಲೆ ಹಳೆಯ ಪೊರೆ ಒಂದರ ಮೇಲೊಂದು ಕೂತು ಗಟ್ಟಿಯಾಗಿತ್ತು. ಯಾವ ಹಾವೂ ಅಷ್ಟು ದಿನ ಅದನ್ನು ಇಟ್ಟುಕೊಳ್ಳುವುದಿಲ್ಲ, ಕಲ್ಲಿಗೋ ಗೋಡೆಗೋ ಉಜ್ಜಿಕೊಳ್ಳುತ್ತದೆ. ಬಿಡಿಸಿದೆ. ನೋವಾಗಿರಬೇಕು. ಮುಖದ ಹತ್ತಿರ ಬೆರಳಿಟ್ಟು ಕಾದೆ. ನಾಲಗೆ ಬರಲಿಲ್ಲ. ಗಂಜಿಯ ಪಾತ್ರೆಯ ಆವಿ ಆರುವಷ್ಟು ಹೊತ್ತು ಕಾದೆ.

ಹೊನ್ನಿಯನ್ನು ಹಿತ್ತಿಲಿಗೆ ಕರೆದೊಯ್ದೆ. ಕಾಲಿಗೆ ಲೋಳೆಸರ ಹಚ್ಚುತ್ತ, ನನ್ನಿಂದ ತಪ್ಪಾಯಿತು, ದಾರ ಬಿಚ್ಚಿಸುತ್ತೇನೆ, ಇನ್ನೂ ಎಂಟು ತಿಂಗಳು ಕಾಲವಿದೆ ಎಂದು ಹೇಳಿದೆ. ಅವಳು ಕೇಳಿಸಿಕೊಂಡಳು.

"ಬಂದ್ಬಿಡು ಮಗಾ ನನ್ ಜೊತೆ."

"ಎಲ್ಲಿಗವ್ವ?" ಎಂದಳು.

ಚುಚ್ಚಲು ಹೇಳಿದ ಮಾತಲ್ಲ ಅದು. ಚುಚ್ಚಿದ್ದರೆ ನನಗೆ ಸಂತೋಷವಾಗುತ್ತಿತ್ತು. ಯಾವ ಅಂಗಡಿಗೆ ಹೋಗಬೇಕು ಎಂದು ಕೇಳುವ ಹಾಗೆ ಕೇಳಿದಳು.

ಬಸಮ್ಮಣ್ಣಿಗೆ ಹೇಳಿದಾಗ ಅವಳು ಸಿಟ್ಟಾಗಲಿಲ್ಲ. ಕಟ್ಟಿದವಳೂ ನೀನೇ ಬಿಚ್ಚುತ್ತೇನೆ ಎನ್ನುವವಳೂ ನೀನೇ ಎಂದಳು. ಮಡಕೆ ಯಾಕೆ ತೆಗೆದೆ ಎಂದು ಕೇಳಿದೆ. ಅವಳಿಗೆ ನಿಜವಾಗಿಯೂ ಪ್ರಶ್ನೆ ಅರ್ಥವಾಗಲಿಲ್ಲ.

"ನಂದೂ ಹಿಂಗೇ ಒಗ್ಸಿದ್ರು ದ್ಯಾವಕ್ಕ. ನಾನೇನು ಸತ್ತೋದ್ನಾ?" ಎಂದಳು.

ಐದನೆಯ ದಿನ ಹಿರಿಯರ ಮುಂದೆ ಮತ್ತೆ ಪರೀಕ್ಷೆ ಎಂದು ನಿಶ್ಚಯವಾಯಿತು. ಅಲ್ಲಿಯವರೆಗೆ ದಿನವೂ ಯಾವುದಾದರೊಂದು ನೆಪ ಮಾಡಿಕೊಂಡು ಸುಣ್ಣದ ಬೀದಿಗೆ ಹೋದೆ. ಬುಟ್ಟಿಗೆ ಮಡಕೆ ಇಟ್ಟೆ. ಗೆಜ್ಜೆ ಅದರೊಳಗೆ ಹೋಗಲಿಲ್ಲ. ನಾನೇ ಒಳಗೆ ತೂರಿಸಿದರೆ ತೂರಿಸಿದ ಹಾಗೇ ಇರುತ್ತಿತ್ತು. ಚಿಕ್ಕಂದಿನಲ್ಲಿ ಅದು ಯಾವುದಕ್ಕೆಲ್ಲ ಸಿಟ್ಟಾಗುತ್ತಿತ್ತು ಎಂದು ನೆನಪು ಮಾಡಿಕೊಂಡು ಎಲ್ಲವನ್ನೂ ಮಾಡಿದೆ. ಬೆಳ್ಳುಳ್ಳಿ ಜಜ್ಜಿದ ಕೈ ಹಿಡಿದೆ. ಬುಟ್ಟಿ ತಟ್ಟಿದೆ. ಹೊನ್ನಿಗೂ ಹಾಗೇ ಮಾಡಿದೆ, ಅದನ್ನು ಹೇಳಲು ನಾಚಿಕೆ. ಅವಳಪ್ಪನನ್ನು ಬೈದೆ. ಹಾಳಾದವಳೇ, ನಿನಗೆ ಮಾನವಿಲ್ಲವೇ ಎಂದೆ. ಅವಳು ತಲೆ ತಗ್ಗಿಸಿ ಅವರೆಕಾಯಿ ಸುಲಿಯುತ್ತಿದ್ದಳು.

ರಾಚವ್ವನ ಮನೆಗೆ ಹೋಗಿ ಚಾಪೆ ಕೇಳಿದೆ. ಅವಳು ಯಾಕೆ ಎಂದು ಕೇಳದೆ, ಒಗೆದು ಒಣಗಿಸಿ, ತುದಿಯ ಬಿಚ್ಚಿದ ಎಳೆಗೆ ಹೊಸ ಅಂಚು ಹೊಲಿದು ತಂದುಕೊಟ್ಟಳು. ಪರೀಕ್ಷೆಯ ದಿನ ಬೆಳಿಗ್ಗೆ ಅದನ್ನು ಗೋಡೆಗೆ ತಾಗುವಂತೆ ಹಾಸಿಟ್ಟು ಹೊರಟೆ.

ಅವತ್ತು ಪಾಯಸವಿರಲಿಲ್ಲ. ಮೂವರು ಹಿರಿಯರು ಅದೇ ಜಾಗದಲ್ಲಿ ಕೂತಿದ್ದರು. ದೊಡ್ಡಸ್ವಾಮಿ ಕಂಬದ ಹತ್ತಿರ ನೆಲ ನೋಡುತ್ತ ನಿಂತಿದ್ದ. ನಾನು ಬುಟ್ಟಿಯನ್ನು ಜಗಲಿಯ ನಡುವೆ ಇಟ್ಟು, ಇಷ್ಟು ವರ್ಷ ಯಾರಿಗೂ ಮಾಡಬೇಡಿ ಎಂದು ಹೇಳಿಕೊಂಡು ಬಂದದ್ದನ್ನೆಲ್ಲ ಮಾಡಿದೆ. ಹದ್ದಿನ ನೆರಳಿನ ಹಾಗೆ ಮೇಲಿನಿಂದ ಎರಗಿದೆ. ಬಾಲ ಹಿಡಿದು ಎಳೆದೆ. ತಲೆಯನ್ನು ನೆಲಕ್ಕೆ ಒತ್ತಿ ಹಿಡಿದು ಥಟ್ಟನೆ ಬಿಟ್ಟೆ. ಹೊಟ್ಟೆ ಮೇಲಾಗುವಂತೆ ಮಗುಚಿದೆ. ಮಗುಚಿದ ಹಾವು ತಿರುಗಿ ಸರಿಯಾಗಬೇಕು, ಮೊಟ್ಟೆಯಿಂದ ಬಂದ ದಿನದ ಮರಿಯೂ ತಿರುಗುತ್ತದೆ. ಗೆಜ್ಜೆ ಬಿಳಿಯ ಹೊಟ್ಟೆಯನ್ನು ಮೇಲೆ ಮಾಡಿಕೊಂಡು ಹಾಗೇ ಇತ್ತು. ಸಾಕು ಬಿಡಮ್ಮ ಎಂದು ಮುದ್ದಪ್ಪಜ್ಜ ಮುಖ ತಿರುಗಿಸಿದ.

ಇನ್ನೊಂದು ಸಲ ಎಂದೆ. ಅವರಿಗೆ ಬೆನ್ನು ಮಾಡಿ, ಬಾಗಿಲ ಪಕ್ಕ ನಿಂತಿದ್ದ ಹೊನ್ನಿಯ ಕಡೆ ತಿರುಗಿ ಬಗ್ಗಿದೆ. ಗೆಜ್ಜೆಯ ಬಾಯಿಯನ್ನು ಉಗುರಿನಿಂದ ಬಿಡಿಸಿ, ನನ್ನ ಬೆರಳನ್ನು ಒಳಗಿಟ್ಟು, ಇನ್ನೊಂದು ಕೈಯಿಂದ ಅದರ ದವಡೆಯನ್ನು ಅದುಮಿದೆ. ಹಲ್ಲು ಇಳಿದವು. ಎಳೆದುಕೊಂಡೆ. ರಕ್ತ ಬಂತು, ಸಾಲಾಗಿ, ನಿಜವಾಗಿ ಕಚ್ಚಿದ ಹಾಗೆಯೇ. ಕೈ ಎತ್ತಿ ತೋರಿಸಿದೆ.

"ಕಚ್ತು," ಎಂದೆ.

ಮುದ್ದಪ್ಪಜ್ಜ ಎದ್ದು ಬಂದು ಬೆರಳನ್ನು ಬೆಳಕಿಗೆ ಹಿಡಿದು ನೋಡಿದ. ಉಳಿದಿಬ್ಬರನ್ನು ನೋಡಿದ. ಅವನು ನಂಬಿದನೋ, ನಂಬಿದಂತೆ ಮಾಡಲು ಮನಸ್ಸು ಮಾಡಿದನೋ ತಿಳಿಯದು. ದಾರ ಬಿಚ್ಚಲು ಕತ್ತರಿ ತನ್ನಿ ಎಂದ. ಬಸಮ್ಮಣ್ಣಿ ಕತ್ತರಿ ತರಲು ಒಳಗೆ ತಿರುಗಿದಳು, ಅವಳೂ ತಡೆಯಲಿಲ್ಲ.

"ಇಲ್ಲ ಮುದ್ದಪ್ಪಜ್ಜ," ಎಂದಳು ಹೊನ್ನಿ. "ಅದು ಕಚ್ಲಿಲ್ಲ. ಅವ್ವನೇ ಹಲ್ಲಿಗೆ ಒತ್ಕೊಂಡ್ಳು."

ಅವಳ ದನಿಯಲ್ಲಿ ಹಟವಿರಲಿಲ್ಲ, ನನ್ನ ಮೇಲಿನ ಸೇಡೂ ಇರಲಿಲ್ಲ. ಸಾರಿಗೆ ಉಪ್ಪು ಹಾಕಿದ್ದೀಯಾ ಎಂದು ಕೇಳಿದರೆ ಇಲ್ಲ ಎನ್ನುವ ಹಾಗೆ ಹೇಳಿದಳು. ಯಾರಾದರೂ ಏನಾದರೂ ತಪ್ಪು ಹೇಳಿದರೆ ಸರಿಮಾಡಬೇಕು ಎಂದು ಅವಳಿಗೆ ಆ ಮನೆಯಲ್ಲಿ ಅಭ್ಯಾಸವಾಗಿತ್ತು. ಆ ತಪ್ಪಿನೊಳಗೆ ತಾನೇ ಇದ್ದೇನೆ ಎಂಬುದು ಅವಳ ಗಮನಕ್ಕೆ ಬರಲಿಲ್ಲ. ಬಸಮ್ಮಣ್ಣಿ ಕತ್ತರಿ ಹಿಡಿದುಕೊಂಡು ಬಾಗಿಲಲ್ಲೇ ನಿಂತಳು. ಗೆದ್ದವಳ ಮುಖ ಅವಳದಾಗಿರಲಿಲ್ಲ. ಸೊಸೆಯನ್ನು ಮೊದಲ ಸಲ ನೋಡುವ ಹಾಗೆ ನೋಡುತ್ತಿದ್ದಳು.

ಹೊನ್ನಿ ಒಳಗೆ ಹೋಗಿ ಅರಿಶಿನ ತಂದಳು. ನನ್ನ ಕೈಯನ್ನು ಪಕ್ಕದಿಂದ, ಕೆಳಗಿನಿಂದ ಆಸರೆ ಕೊಟ್ಟು ಹಿಡಿದುಕೊಂಡಳು. ಹಾಗೆ ಹಿಡಿಯುವುದನ್ನು ನಾನೇ ಅವಳಿಗೆ ಕಲಿಸಿದ್ದು. ರಕ್ತ ಒರೆಸಿ ಅರಿಶಿನ ಒತ್ತಿದಳು. ಅವಳ ಬೆರಳು ತಣ್ಣಗಿದ್ದವು, ನಡುಗುತ್ತಿರಲಿಲ್ಲ. ನೋಯ್ತದಾ ಎಂದು ಕೇಳಿದಳು. ನೋಯುತ್ತದೆ ಎಂದೆ. ಹೌದಾ ಎಂದಳು.

ಬರುವಾಗ ದಾರಿಯಲ್ಲಿ ಗಾಣದ ಬೀದಿಯವರು ಯಾರೋ ನಿಲ್ಲಿಸಿ, ನಮ್ಮ ಸೊಸೆಯ ಬುಟ್ಟಿ ನೋಡಲು ಬರಬೇಕಲ್ಲ, ಒಗ್ಗಿದ ಹಾಗೆ ಕಾಣುತ್ತದೆ, ಈಗ ಸದ್ದೇ ಮಾಡುವುದಿಲ್ಲ ಎಂದರು. ನಾನೇನು ಹೇಳಿದೆನೋ ನೆನಪಿಲ್ಲ. ಸದ್ದೇ ಮಾಡುವುದಿಲ್ಲ ಎಂಬ ಮಾತನ್ನು ನಲವತ್ತು ವರ್ಷದಲ್ಲಿ ಎಷ್ಟು ಬಾಗಿಲಲ್ಲಿ ನಗುನಗುತ್ತ ಕೇಳಿದ್ದೇನೆ, ಎಷ್ಟು ಕಡೆ ಪಾಯಸ ಕುಡಿದಿದ್ದೇನೆ ಎಂದು ಬೀದಿಯುದ್ದಕ್ಕೂ ಬಾಗಿಲುಗಳನ್ನು ನೋಡುತ್ತ ಬಂದೆ. ಕೆಲವು ಬಾಗಿಲಲ್ಲಿ ಹೆಂಗಸರು ಕೂತಿದ್ದರು. ಊಟ ಆಯ್ತಾ ದ್ಯಾವಕ್ಕ ಎಂದರು. ಆಯಿತು ಎಂದೆ.

ಮನೆಯಲ್ಲಿ ಚಾಪೆ ಹಾಸಿದ ಹಾಗೇ ಇತ್ತು. ಮಧ್ಯಾಹ್ನದ ಬಿಸಿಲು ಅದರ ಹೊಸ ಅಂಚಿನ ಮೇಲೆ ಬಿದ್ದಿತ್ತು. ಸುತ್ತಿಡಲೆಂದು ಬಗ್ಗಿದವಳು ಅದರ ಮೇಲೇ ಕೂತುಬಿಟ್ಟೆ. ನಂದೂ ಹಿಂಗೇ ಒಗ್ಸಿದ್ರು ಎಂಬ ಬಸಮ್ಮಣ್ಣಿಯ ಮಾತು ಕಿವಿಯಿಂದ ಹೋಗಿರಲಿಲ್ಲ. ಮೂಲೆಯಲ್ಲಿ ನನ್ನ ಬುಟ್ಟಿ ಇತ್ತು. ಅದರ ದಾರದಲ್ಲಿ ಹಳದಿ ಉಳಿದಿಲ್ಲ, ನನಗಿಂತ ಮೊದಲು ಬುಟ್ಟಿ ನೋಡುತ್ತಿದ್ದವಳು ಕಟ್ಟಿದ್ದು, ಅವಳು ಸತ್ತು ಎಷ್ಟೋ ಕಾಲವಾಯಿತು. ಬುಟ್ಟಿಯನ್ನು ಎಳೆದುಕೊಂಡು ಮುಚ್ಚಳ ತೆಗೆದೆ. ಬೂದಿಯನ್ನು ಎತ್ತಿ ಚಾಪೆಯ ಮೇಲೆ ಗೋಡೆಯ ಪಕ್ಕ ಇಟ್ಟೆ. ಮುಖಕ್ಕೆ ಊದಿದೆ. ಮೇಲಿನಿಂದ ಕೈ ಆಡಿಸಿದೆ. ಆಮೇಲೆ ರಕ್ತದ ವಾಸನೆ ಇನ್ನೂ ಇದ್ದ ಬೆರಳನ್ನು ನೆಲದ ಮಟ್ಟದಲ್ಲಿ, ಪಕ್ಕದಿಂದ, ನಿಧಾನವಾಗಿ ಅದರ ಮೂಗಿನ ಹತ್ತಿರ ತಂದು ಅಲ್ಲೇ ಇಟ್ಟೆ. ಬಿಸಿಲು ಚಾಪೆಯಿಂದ ಗೋಡೆಗೆ ಹತ್ತಿತು, ಗೋಡೆಯಿಂದ ಸೂರಿಗೆ ಹೋಯಿತು. ನಾಲಗೆ ಹೊರಗೆ ಬರಲಿಲ್ಲ. ಎಷ್ಟು ವರ್ಷದಿಂದ ಬರುತ್ತಿಲ್ಲವೋ, ನಾನು ನೋಡಿರಲಿಲ್ಲ.